ಪದವಿಗಿಂತ ಹಳೆಯ ವಿದ್ಯೆ

ಗಣಕಯಂತ್ರವು ಕಚೇರಿ, ಬ್ಯಾಂಕು, ರೈಲ್ವೆ ನಿಲ್ದಾಣಗಳನ್ನು ದಾಟಿ ಈಗ ಜನರ ಜೇಬಿನೊಳಕ್ಕೇ ಬಂದು ಕುಳಿತಿದೆ. ಅದರಿಂದ ಕೆಲಸ ಮಾಡಿಸಬೇಕಾದರೆ ಅದಕ್ಕೆ ತಿಳಿಯುವಂತೆ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದುಕೊಡಬೇಕು. ಇಂಗ್ಲಿಷಿನಲ್ಲಿ ‘ಪ್ರೋಗ್ರಾಂ’ ಎಂದು ಕರೆಯುವ ಈ ಆಜ್ಞಾಮಾಲೆಗೆ ಕನ್ನಡದಲ್ಲಿ ‘ಕ್ರಮವಿಧಿ’ ಎಂಬ ಹೆಸರಿದೆ. ಕ್ರಮವಿಧಿ ರಚನೆಯನ್ನು ಕಲಿಯಬೇಕೆಂಬ ಹಂಬಲವುಳ್ಳವರು ಇಂದು ಊರೂರಿನಲ್ಲಿ ಇದ್ದಾರೆ. ಆದರೆ ಅವರಲ್ಲಿ ಅನೇಕರ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕೂ ಇದೆ: “ನಾನು ಓದಿದುದು ವಾಣಿಜ್ಯ, ನಾನು ಓದಿದುದು ಇತಿಹಾಸ, ಶಾಲೆಯಲ್ಲಿ ಕಲಿತದ್ದಂತೂ ಕನ್ನಡದಲ್ಲಿ. ಗಣಕ ವಿಜ್ಞಾನದ ಪದವಿಯಿಲ್ಲದ ನನಗೆ ಈ ವಿದ್ಯೆ ದಕ್ಕೀತೆ?”

ಈ ಪ್ರಶ್ನೆಗೆ ಧೈರ್ಯದ ನಾಲ್ಕು ಮಾತು ಹೇಳಿ ಬೆನ್ನು ತಟ್ಟುವುದು ಸುಲಭ. ಆದರೆ ಬರಿಯ ಧೈರ್ಯದ ಮಾತು ಮೊದಲನೆಯ ಕಗ್ಗಂಟು ಎದುರಾದಾಗಲೇ ಸೋರಿಹೋಗುತ್ತದೆ. ಅದಕ್ಕಿಂತ, ಈ ವಿದ್ಯೆಯನ್ನು ಪ್ರಪಂಚದಲ್ಲಿ ಮೊಟ್ಟಮೊದಲು ಕಲಿತವರು ಯಾರು, ಅವರು ಏನು ಓದಿಕೊಂಡಿದ್ದರು, ಯಾವ ರೀತಿಯಲ್ಲಿ ಕಲಿತರು ಎಂಬುದನ್ನು ನೋಡುವುದು ಮೇಲು.

ವಿದ್ಯೆ ಮೊದಲು ಹುಟ್ಟಿತು. ಪದವಿ ಬಹಳ ಕಾಲದ ಮೇಲೆ ಬಂದಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಗಣಕಗಳ ಬಗ್ಗೆ ಒಂದು ವರ್ಷದ ಡಿಪ್ಲೊಮಾ ತರಗತಿಯನ್ನು ಆರಂಭಿಸಿದ್ದು 1953ರಲ್ಲಿ. ಅಮೆರಿಕದಲ್ಲಿ ಗಣಕ ವಿಜ್ಞಾನಕ್ಕೆಂದೇ ಮೊದಲ ಪ್ರತ್ಯೇಕ ವಿಭಾಗವು ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ತೆರೆದದ್ದು 1962ರಲ್ಲಿ. ಅಷ್ಟು ಹೊತ್ತಿಗೆ ಗಣಕಗಳು ಹುಟ್ಟಿ ಹದಿನೈದು ವರ್ಷಗಳಿಗೂ ಮೇಲಾಗಿತ್ತು. ಆ ನಡುವಿನ ಕಾಲದಲ್ಲಿ ಕ್ರಮವಿಧಿ ಬರೆದವರೆಲ್ಲರೂ ‘ಹೊರಗಿನವರೇ’.

ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬಾತನ ವಿಷಯವನ್ನು ಇಲ್ಲಿ ಹೇಳಬಹುದು. ಆತ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದುದು ಸೈದ್ಧಾಂತಿಕ ಭೌತವಿಜ್ಞಾನ. 1951ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಮೂರು ವಾರಗಳ ಬೇಸಗೆ ತರಗತಿಯೊಂದಕ್ಕೆ ಹೋಗಿ ಬಂದ. ಮರುವರ್ಷವೇ ಆಮ್‌ಸ್ಟರ್‌ಡಾಮಿನ ಗಣಿತ ಕೇಂದ್ರದಲ್ಲಿ ಕ್ರಮವಿಧಿಕಾರನಾಗಿ ಸೇರಿದ. 1957ರಲ್ಲಿ ಮದುವೆಯಾಗುವಾಗ ಅಲ್ಲಿನ ಪದ್ಧತಿಯಂತೆ ತನ್ನ ವೃತ್ತಿ ಯಾವುದೆಂದು ಹೇಳಬೇಕಾಯಿತು. ಈತ ‘ಕ್ರಮವಿಧಿಕಾರ’ ಎಂದ. ಅಂಥ ವೃತ್ತಿಯೇ ಇಲ್ಲವೆಂದು ಪುರಸಭೆಯ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ‘ಸೈದ್ಧಾಂತಿಕ ಭೌತವಿಜ್ಞಾನಿ’ ಎಂದೇ ಬರೆಸಬೇಕಾಯಿತು! ಇಂದು ನಾವು ದೂರವಾಣಿಯ ನಕ್ಷೆಯಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹತ್ತಿರದ ದಾರಿ ಹುಡುಕುವಾಗ ಬಳಕೆಯಾಗುವ ವಿಧಾನಗಳಿಗೆ ತಾಯಿಬೇರಾದ ಲೆಕ್ಕವನ್ನು ಈತ ಅದಕ್ಕೂ ಒಂದು ವರ್ಷ ಮೊದಲೇ, ಕಾಫಿ ಅಂಗಡಿಯೊಂದರಲ್ಲಿ ತನ್ನ ಭಾವೀ ಪತ್ನಿಯೊಡನೆ ಕುಳಿತಿದ್ದಾಗ, ಕಾಗದ ಪೆನ್ಸಿಲುಗಳಿಲ್ಲದೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಮನಸ್ಸಿನಲ್ಲೇ ಹೊಂದಿಸಿದ್ದ.

ಆದರೆ ಡೈಕ್‌ಸ್ಟ್ರಾ ಎಷ್ಟಾದರೂ ಅಸಾಧಾರಣ ಮೇಧಾವಿ. ಅಂಥವರ ಕಥೆ ಕೇಳಿ ನಾವು ತಲೆದೂಗಬಹುದೇ ಹೊರತು ಅದರಿಂದ ನಮ್ಮ ದಾರಿ ಕಾಣುವುದಿಲ್ಲ. ಆದುದರಿಂದ ಅವನಿಗಿಂತಲೂ ಮುಂಚಿನ, ಅವನಿಗಿಂತ ನಮಗೆ ಹತ್ತಿರದ ಆರು ಮಂದಿ ತರುಣಿಯರ ಕಡೆಗೆ ತಿರುಗೋಣ.

ಎರಡನೆಯ ಮಹಾಯುದ್ಧದ ಕಾಲ. ಫಿರಂಗಿಯಿಂದ ಹಾರಿದ ಗುಂಡು ಎಷ್ಟು ದೂರದಲ್ಲಿ ಬೀಳುವುದೆಂಬುದು ಫಿರಂಗಿಯ ಕೋನ, ಗುಂಡಿನ ತೂಕ, ಗಾಳಿಯ ಸಾಂದ್ರತೆ ಮೊದಲಾದ ಅನೇಕ ಸಂಗತಿಗಳನ್ನು ಅವಲಂಬಿಸಿದೆ. ರಣರಂಗದಲ್ಲಿ ಸೈನಿಕನು ಲೆಕ್ಕ ಮಾಡುತ್ತ ಕೂಡಲಾರ. ಅವನಿಗೆ ಸಿದ್ಧ ಕೋಷ್ಟಕ ಬೇಕು. ಆ ಕೋಷ್ಟಕಗಳನ್ನು ಸಿದ್ಧಪಡಿಸಲು ಅಮೆರಿಕದ ಸೈನ್ಯವು ಫಿಲಡೆಲ್ಫಿಯಾ ನಗರದಲ್ಲಿ ಲೆಕ್ಕ ಬಲ್ಲ ತರುಣಿಯರನ್ನು ನೇಮಿಸಿಕೊಂಡಿತ್ತು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’! ಆಗ ಆ ಪದಕ್ಕೆ ಲೆಕ್ಕ ಮಾಡುವ ಮನುಷ್ಯ ಎಂಬುದೇ ಅರ್ಥವಾಗಿತ್ತು. ಮೇಜಿನ ಮೇಲಿಡುವ ಲೆಕ್ಕದ ಯಂತ್ರವನ್ನು ಬಳಸಿ ಒಂದೇ ಒಂದು ಗುಂಡಿನ ಪಥವನ್ನು ಕಂಡುಹಿಡಿಯಲು ಒಬ್ಬಳಿಗೆ 30ರಿಂದ 40 ಗಂಟೆಗಳು ಹಿಡಿಯುತ್ತಿದ್ದವು. ಒಂದು ಕೋಷ್ಟಕಕ್ಕೆ ಅಂಥ ಸಾವಿರಾರು ಪಥಗಳು ಬೇಕು.

ಈ ವಿಳಂಬವನ್ನು ತಪ್ಪಿಸಲೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮೂರ್ ವಿದ್ಯುತ್ ಇಂಜಿನಿಯರಿಂಗ್ ಶಾಲೆಯಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಎಂಬಿಬ್ಬರ ನೇತೃತ್ವದಲ್ಲಿ ‘ಎನಿಯಾಕ್’ ಎಂಬ ದೈತ್ಯಯಂತ್ರವನ್ನು ಕಟ್ಟಲಾಯಿತು. ಸುಮಾರು 18,000 ವಾಲ್ವುಗಳು, ಸುಮಾರು 30 ಟನ್ ತೂಕ, ಒಂದು ಸೆಕೆಂಡಿಗೆ 5,000 ಸಂಕಲನಗಳು! ಆದರೆ ಈ ದೈತ್ಯನಿಗೆ ಇಂದಿನಂತೆ ಬರವಣಿಗೆಯ ಭಾಷೆಯಿರಲಿಲ್ಲ. ಬೀರುಗಳಂತೆ ಸಾಲಾಗಿ ನಿಂತ 40 ಫಲಕಗಳ ನಡುವೆ ತಂತಿಗಳನ್ನು ಸಿಕ್ಕಿಸಿ, ನೂರಾರು ಸ್ವಿಚ್ಚುಗಳನ್ನು ತಿರುಗಿಸಿ, ಯಾವ ಲೆಕ್ಕ ಯಾವುದರ ನಂತರ ನಡೆಯಬೇಕೆಂಬುದನ್ನು ತಿಳಿಸಬೇಕಾಗಿತ್ತು. ಯಂತ್ರವನ್ನು ಕಟ್ಟುವ ಗಡಿಬಿಡಿಯಲ್ಲಿದ್ದವರಿಗೆ ಈ ಕೆಲಸವನ್ನು ಕಲಿಸಿಕೊಡಲು ಬಿಡುವಿರಲಿಲ್ಲ. ಕಲಿಸಲು ಪಾಠವೂ ಇರಲಿಲ್ಲ. 1945ರಲ್ಲಿ ಲೆಕ್ಕದ ತರುಣಿಯರ ಪೈಕಿ ಆರು ಮಂದಿಯನ್ನು ಆರಿಸಿ ಈ ಕೆಲಸವನ್ನು ಅವರಿಗೆ ಒಪ್ಪಿಸಲಾಯಿತು. ಅವರು ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್ ಮತ್ತು ರೂತ್ ಲಿಕ್ಟರ್‌ಮನ್.

ಇವರ ಹಿನ್ನೆಲೆಯನ್ನು ಗಮನಿಸಿ. ಕ್ಯಾಥ್ಲೀನ್ ಐರ್ಲೆಂಡಿನಲ್ಲಿ ಹುಟ್ಟಿದವಳು. ಮೂರು ವರ್ಷದ ಮಗುವಾಗಿ ಅಮೆರಿಕಕ್ಕೆ ಬಂದಾಗ ಅವಳಿಗೆ ಐರಿಷ್ ಭಾಷೆಯಲ್ಲದೆ ಇಂಗ್ಲಿಷಿನ ಗಂಧವೂ ಇರಲಿಲ್ಲ. ಅವಳೂ ಫ್ರಾನ್ಸಿಸಳೂ ಒಂದೇ ಕಾಲೇಜಿನಲ್ಲಿ ಗಣಿತ ಓದಿದವರು. ಜೀನ್ ಜೆನಿಂಗ್ಸ್ ಮಿಸೌರಿ ಪ್ರಾಂತದ ರೈತರ ಮನೆಯ ಹುಡುಗಿ. ಉಪಾಧ್ಯಾಯರನ್ನು ತರಬೇತಿ ಮಾಡುವ ಊರ ಹತ್ತಿರದ ಕಾಲೇಜಿನಲ್ಲಿ ಗಣಿತ ಓದಿ ಆಗತಾನೆ ಹೊರಬಿದ್ದಿದ್ದಳು. ಈ ಕೆಲಸಕ್ಕಾಗಿ ಸಂದರ್ಶನ ನಡೆದಾಗ, ವಿದ್ಯುತ್ತಿನ ಬಗ್ಗೆ ನಿನ್ನ ಅಭಿಪ್ರಾಯವೇನೆಂದು ಅಧಿಕಾರಿ ಕೇಳಿದನಂತೆ. ಜೀನ್ ತಾನು ಕಲಿತಿದ್ದ ಓಮ್‌ನ ನಿಯಮವನ್ನು ಹೇಳಿದಳು. ಆತನಿಗೆ ಬೇಕಾಗಿದ್ದುದು ಅದಲ್ಲ. ವಿದ್ಯುತ್ತನ್ನು ಕಂಡರೆ ನಿನಗೆ ಭಯವೇ ಎಂಬುದಷ್ಟೇ ಆತನ ಪ್ರಶ್ನೆ. ಭಯವಿಲ್ಲವೆಂದಳು, ಆಯ್ಕೆಯಾದಳು!

ಉಳಿದವರಲ್ಲಿ ಇಬ್ಬರು ಗಣಿತದ ಪದವೀಧರರೂ ಅಲ್ಲ ಎಂಬುದೇ ನಮಗೆ ಮುಖ್ಯವಾದ ಮಾತು. ಮಾರ್ಲಿನ್ ವೆಸ್ಕಾಫ್ ಸಮಾಜ ವಿಷಯಗಳನ್ನೂ ಇಂಗ್ಲಿಷನ್ನೂ ಓದಿದ್ದವಳು. ಲೆಕ್ಕದ ಯಂತ್ರವನ್ನು ನಡೆಸಲು ಬಲ್ಲಳೆಂಬ ಕಾರಣದಿಂದ ಅವಳಿಗೆ ಮೊದಲು ಕೆಲಸ ಸಿಕ್ಕಿತ್ತು. ಬೆಟ್ಟಿ ಸ್ನೈಡರ್ ಗಣಿತ ಓದಬೇಕೆಂದು ವಿಶ್ವವಿದ್ಯಾನಿಲಯ ಸೇರಿದಳು. ಮೊದಲ ದಿನವೇ ಪ್ರಾಧ್ಯಾಪಕರು, ನೀನು ಮನೆಯಲ್ಲಿದ್ದು ಮಕ್ಕಳನ್ನು ಸಾಕುವುದು ಲೇಸಲ್ಲವೇ ಎಂದು ಕೇಳಿದರು. ಆಕೆ ಗಣಿತವನ್ನು ಬಿಟ್ಟು ಪತ್ರಿಕೋದ್ಯಮವನ್ನು ಓದಿದಳು. ಈ ಪತ್ರಿಕೋದ್ಯಮದ ಪದವೀಧರೆಯೇ ಮುಂದೆ ಗಣಕಗಳ ಇತಿಹಾಸದಲ್ಲಿ ನಿಲ್ಲುವ ಕೆಲಸ ಮಾಡಿದಳು. ಅದನ್ನು ಆಮೇಲೆ ನೋಡೋಣ.

ಅವರು ಕಲಿತ ಬಗೆ ಹೇಗೆ? ಮೊದಲು ಕೆಲವು ವಾರ ಮೇರಿಲ್ಯಾಂಡ್ ಪ್ರಾಂತದ ಅಬರ್ಡೀನ್‌ನಲ್ಲಿ ರಂಧ್ರಪತ್ರಗಳ ಯಂತ್ರಗಳನ್ನು ನಡೆಸುವ ಅಭ್ಯಾಸವಾಯಿತು. ಆಮೇಲೆ ಫಿಲಡೆಲ್ಫಿಯಾಕ್ಕೆ ಹಿಂದಿರುಗಿದರೆ, ಎನಿಯಾಕ್ ಇದ್ದ ಕೋಣೆಗೆ ಪ್ರವೇಶವೇ ಇಲ್ಲ! ಅದು ಯುದ್ಧದ ಗುಟ್ಟು. ಒಳಗೆ ಹೋಗಲು ಬೇಕಾದ ಅನುಮತಿ ಅವರಿಗಿನ್ನೂ ದೊರೆತಿರಲಿಲ್ಲ. ಅವರ ಕೈಗೆ ಬಂದುದು ಯಂತ್ರದ ದೊಡ್ಡ ದೊಡ್ಡ ನಕ್ಷೆಗಳು ಮಾತ್ರ. ಯಂತ್ರ ಹೇಗೆ ಕೆಲಸ ಮಾಡುವುದೆಂದು ಇವುಗಳಿಂದ ತಿಳಿದುಕೊಳ್ಳಿ, ಆಮೇಲೆ ಅದರಿಂದ ಕೆಲಸ ಮಾಡಿಸುವುದು ಹೇಗೆಂದು ಕಂಡುಕೊಳ್ಳಿ ಎಂದು ಹೇಳಿದರು. ಅಲ್ಲಿಗೆ ಪಾಠ ಮುಗಿಯಿತು.

ಆರು ಮಂದಿಯೂ ನಕ್ಷೆಗಳನ್ನು ಹರಡಿಕೊಂಡು ಕುಳಿತರು. ಮೊದಲು ಅವರ ಕಣ್ಣಿಗೆ ಬಿದ್ದುದು ‘ಸಂಚಯಕ’ ಎಂಬ ಭಾಗ. ಎನಿಯಾಕ್‌ನಲ್ಲಿ ಅಂಥವು 20 ಇದ್ದವು. ಒಂದೊಂದೂ ಹತ್ತು ಅಂಕಗಳ ಒಂದು ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳಬಲ್ಲುದು; ಇನ್ನೊಂದು ಸಂಖ್ಯೆ ಬಂದರೆ ಅದನ್ನು ತನ್ನಲ್ಲಿರುವುದಕ್ಕೆ ಕೂಡಿಸಿಕೊಳ್ಳಬಲ್ಲುದು. ಮೋಟಾರು ಗಾಡಿಯಲ್ಲಿ ಮೈಲಿ ತೋರಿಸುವ ಅಂಕಿಗಳ ಚಕ್ರಗಳನ್ನು ವಾಚಕರು ನೋಡಿರಬಹುದು. ಒಂದು ಚಕ್ರ ಒಂಬತ್ತನ್ನು ದಾಟಿ ಸೊನ್ನೆಗೆ ಬಂದೊಡನೆ ಪಕ್ಕದ ಚಕ್ರ ಒಂದು ಹಲ್ಲು ಮುಂದೆ ಸರಿಯುತ್ತದೆ. ಸಂಚಯಕದ ಕೆಲಸವೂ ಇದೇ; ಚಕ್ರದ ಬದಲು ವಾಲ್ವುಗಳ ಒಂದು ಬಳೆ, ಹಲ್ಲಿನ ಬದಲು ವಿದ್ಯುತ್ತಿನ ಒಂದು ಮಿಡಿತ, ಅಷ್ಟೇ ವ್ಯತ್ಯಾಸ. ಈ ಒಂದು ಭಾಗ ಅರ್ಥವಾದ ಮೇಲೆ ಗುಣಕ, ಭಾಜಕ, ಕೋಷ್ಟಕಗಳ ಭಾಗ ಹೀಗೆ ಒಂದೊಂದನ್ನೇ ಹಿಡಿದರು. ಒಬ್ಬಳಿಗೆ ತಿಳಿದುದನ್ನು ಅವಳು ಉಳಿದವರಿಗೆ ವಿವರಿಸಬೇಕು. ವಿವರಿಸುವಾಗ ತಡವರಿಸಿದರೆ ಅವಳಿಗೇ ಸರಿಯಾಗಿ ತಿಳಿದಿಲ್ಲವೆಂದು ಅರ್ಥ. ನಕ್ಷೆಯಿಂದ ತಿಳಿಯದುದನ್ನು ಯಂತ್ರ ಕಟ್ಟಿದ ಇಂಜಿನಿಯರುಗಳನ್ನು ಹಿಡಿದು ಕೇಳಿದರು. ಕೊನೆಗೆ ಅವರಿಗೆ ಆ ಯಂತ್ರ ಎಷ್ಟು ಕೈವಶವಾಯಿತೆಂದರೆ, ಲೆಕ್ಕ ಕೆಟ್ಟಾಗ ಆ ಹದಿನೆಂಟು ಸಾವಿರ ವಾಲ್ವುಗಳಲ್ಲಿ ಕೆಟ್ಟಿರುವುದು ಇಂಥದೇ ಎಂದು ಬೊಟ್ಟು ಮಾಡಿ ತೋರಿಸಬಲ್ಲವರಾಗಿದ್ದರು.

ಯಂತ್ರವನ್ನು ಮುಟ್ಟದೆ ಕ್ರಮವಿಧಿಯನ್ನು ಕಲಿಯುವುದೆಂದರೆ ನೀರಿಗಿಳಿಯದೆ ಈಜು ಕಲಿತಂತೆ ಎಂದು ಕೆಲವರು ನಗಬಹುದು. ಹಾಗಲ್ಲ. ಕ್ರಮವಿಧಿಯ ತಿರುಳು ಇರುವುದು ಕಾಗದದ ಮೇಲೆಯೇ. ಇದನ್ನು ವಾಚಕರು ಈಗಲೇ ಪರೀಕ್ಷಿಸಬಹುದು. ಒಂದು ಪೆನ್ಸಿಲು ಸಾಕು.

ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಿಂದ ನೆಟ್ಟಗೆ ಮೇಲಕ್ಕೆ ಎಸೆದಿದ್ದೇವೆ ಎನ್ನೋಣ. ಭೂಮಿಯ ಆಕರ್ಷಣೆಯಿಂದ ಅದರ ವೇಗ ಪ್ರತಿ ಸೆಕೆಂಡಿಗೂ ಸುಮಾರು 10 ಮೀಟರಿನಷ್ಟು ಇಳಿಯುತ್ತದೆ. ಕಲ್ಲು ನೆಲಕ್ಕೆ ಬೀಳುವುದು ಯಾವಾಗ? ಯಾವ ಸೂತ್ರವನ್ನೂ ಅರಿಯದ, ಆದರೆ ಹೇಳಿದುದನ್ನು ಚಾಚೂ ತಪ್ಪದೆ ಮಾಡುವ ಆಳೊಬ್ಬನಿಗೆ ಹೀಗೆ ಬರೆದುಕೊಡೋಣ:

ಒಂದು: ಕಾಲ 0, ಎತ್ತರ 0, ವೇಗ 20 ಎಂದು ಬರೆದುಕೊ.
ಎರಡು: ಎತ್ತರಕ್ಕೆ ವೇಗವನ್ನು ಕೂಡಿಸು.
ಮೂರು: ವೇಗದಲ್ಲಿ 10 ಕಳೆ.
ನಾಲ್ಕು: ಕಾಲಕ್ಕೆ 1 ಕೂಡಿಸು.
ಐದು: ಎತ್ತರವು ಸೊನ್ನೆಗಿಂತ ಕಡಿಮೆಯಾಗಿದ್ದರೆ ನಿಲ್ಲು, ಇಲ್ಲವಾದರೆ ಎರಡನೆಯ ಆಜ್ಞೆಗೆ ಹಿಂದಿರುಗು.

ಇದು ಪೂರ್ಣವಾದ ಒಂದು ಕ್ರಮವಿಧಿ. ಇದನ್ನು ನಡೆಸಿ ನೋಡಿ. ಒಂದೊಂದು ಸೆಕೆಂಡಿನ ಕೊನೆಗೂ ಎತ್ತರವು 20, 30, 30, 20, 0 ಎಂದು ಬರುತ್ತದೆ. ಐದನೆಯ ಸೆಕೆಂಡಿಗೆ ಕಲ್ಲು ನೆಲ ಮುಟ್ಟಿತು. ಆದರೆ ನಮ್ಮ ಆಳು ನಿಲ್ಲುವುದಿಲ್ಲ! ಸೊನ್ನೆಯು ಸೊನ್ನೆಗಿಂತ ಕಡಿಮೆಯಲ್ಲವಲ್ಲ. ಆತ ನಿಷ್ಠೆಯಿಂದ ಇನ್ನೊಂದು ಸುತ್ತು ತಿರುಗಿ, ಆರನೆಯ ಸೆಕೆಂಡಿನಲ್ಲಿ ಕಲ್ಲನ್ನು 30 ಮೀಟರ್ ನೆಲದೊಳಕ್ಕೆ ಇಳಿಸಿ ಆಮೇಲೆ ನಿಲ್ಲುತ್ತಾನೆ. ಐದನೆಯ ಆಜ್ಞೆಯಲ್ಲಿ ‘ಸೊನ್ನೆಯಾಗಿದ್ದರೆ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ’ ಎಂದು ಬರೆಯಬೇಕಾಗಿತ್ತು. ತಪ್ಪು ಆಳಿನದಲ್ಲ, ಆಜ್ಞೆಯದು.

ಇನ್ನೂ ಒಂದು ಸಂಗತಿಯಿದೆ. ಪಠ್ಯಪುಸ್ತಕದ ಸೂತ್ರದ ಪ್ರಕಾರ ಕಲ್ಲು 20 ಮೀಟರ್ ಏರಿ ನಾಲ್ಕೇ ಸೆಕೆಂಡುಗಳಲ್ಲಿ ಕೆಳಗೆ ಬೀಳಬೇಕು. ನಮಗೆ ಬಂದುದು 30 ಮೀಟರ್, ಐದು ಸೆಕೆಂಡು. ಏಕೆ? ಒಂದು ಸೆಕೆಂಡು ಪೂರ್ತಿಯಾಗಿ ವೇಗ ಬದಲಾಗದೆ ಇರುವುದೆಂದು ನಾವು ಹಿಡಿದೆವು. ನಿಜವಾಗಿ ಅದು ಕ್ಷಣಕ್ಷಣಕ್ಕೂ ಇಳಿಯುತ್ತಿರುತ್ತದೆ. ಹೆಜ್ಜೆಯನ್ನು ಅರ್ಧ ಸೆಕೆಂಡಿಗೆ ಇಳಿಸಿದರೆ 25 ಮೀಟರ್ ಮತ್ತು ನಾಲ್ಕೂವರೆ ಸೆಕೆಂಡು ಬರುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ 21 ಮೀಟರ್ ಮತ್ತು 4.1 ಸೆಕೆಂಡು. ಹೆಜ್ಜೆ ಕಿರಿದಾದಷ್ಟೂ ಉತ್ತರ ಸತ್ಯಕ್ಕೆ ಸಮೀಪವಾಗುತ್ತದೆ, ಆದರೆ ಸುತ್ತುಗಳು ಹೆಚ್ಚುತ್ತವೆ: ಐದು ಸುತ್ತುಗಳ ಕೆಲಸಕ್ಕೆ ಈಗ 41 ಸುತ್ತುಗಳು. ಮನುಷ್ಯನಿಗೆ ಬೇಸರ ಬರುವುದು ಇಲ್ಲಿ. ಯಂತ್ರ ಬೇಕಾಗುವುದೂ ಇಲ್ಲಿಯೇ. ಗಾಳಿಯ ತಡೆಯನ್ನೂ ಫಿರಂಗಿಯ ಕೋನವನ್ನೂ ಸೇರಿಸಿಬಿಟ್ಟರೆ ಇದೇ ಆ ತರುಣಿಯರ ಲೆಕ್ಕ.

1946ರ ಫೆಬ್ರವರಿ 15ರಂದು ಎನಿಯಾಕ್‌ನ ವಿಧ್ಯುಕ್ತ ಪ್ರದರ್ಶನವೆಂದು ನಿಶ್ಚಯವಾಗಿತ್ತು. ಅಲ್ಲಿ ತೋರಿಸಬೇಕಾದ ಗುಂಡಿನ ಪಥದ ಕ್ರಮವಿಧಿಯನ್ನು ಜೀನ್ ಮತ್ತು ಬೆಟ್ಟಿ ಸ್ನೈಡರ್ ರಚಿಸಿದರು. ಮಾರ್ಲಿನ್ ಮತ್ತು ರೂತ್ ಇಬ್ಬರೂ ಅದೇ ಪಥವನ್ನು, ಯಂತ್ರ ಹೇಗೆ ಹೆಜ್ಜೆಹೆಜ್ಜೆಯಾಗಿ ಮಾಡುವುದೋ ಹಾಗೆಯೇ, ಕೈಯಿಂದ ಲೆಕ್ಕ ಹಾಕಿಟ್ಟರು. ಯಂತ್ರದ ಉತ್ತರವನ್ನು ಹೆಜ್ಜೆಹೆಜ್ಜೆಗೂ ಅದರೊಡನೆ ತಾಳೆ ನೋಡಿದಾಗ ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಗುಂಡು ನೆಲ ಮುಟ್ಟಿದ ಮೇಲೂ ಲೆಕ್ಕ ನಿಲ್ಲದೆ, ಗುಂಡು ಭೂಮಿಯೊಳಕ್ಕೆ ನುಗ್ಗುತ್ತಲೇ ಇತ್ತು! ನಮ್ಮ ಕಲ್ಲಿನ ಕಥೆಯೇ. ಪ್ರದರ್ಶನದ ಹಿಂದಿನ ರಾತ್ರಿ ಬಹಳ ಹೊತ್ತು ಹುಡುಕಿದರೂ ತಪ್ಪು ಸಿಕ್ಕಲಿಲ್ಲ. ಬೆಟ್ಟಿ ಮನೆಗೆ ಹೋಗಿ ಮಲಗಿದಳು. ನಿದ್ರೆಯ ನಡುವೆ ಉತ್ತರ ಹೊಳೆಯಿತು. ಬೆಳಗ್ಗೆ ಬಂದವಳೇ ನೆಟ್ಟಗೆ ಹೋಗಿ, ಸುತ್ತುಗಳನ್ನು ಎಣಿಸುವ ಭಾಗದಲ್ಲಿದ್ದ ಒಂದು ಸ್ವಿಚ್ಚನ್ನು ಒಂದೇ ಒಂದು ಸ್ಥಾನ ಸರಿಸಿದಳು. ಗುಂಡು ನೆಲ ಮುಟ್ಟಿ ನಿಂತಿತು. ಅಂದು ನೆರೆದ ಅತಿಥಿಗಳ ಎದುರಿನಲ್ಲಿ ಎನಿಯಾಕ್ 20 ಸೆಕೆಂಡುಗಳಲ್ಲಿ ಲೆಕ್ಕವನ್ನು ಮುಗಿಸಿತು. ನಿಜವಾದ ಗುಂಡಿಗೆ ಆ ದೂರ ಹಾರಲು 30 ಸೆಕೆಂಡು ಬೇಕಾಗಿತ್ತು.

ಆ ರಾತ್ರಿ ನಡೆದ ಔತಣಕ್ಕೆ ಈ ಆರು ಮಂದಿಗೆ ಕರೆ ಬರಲಿಲ್ಲ. ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರೂ ಹೆಸರುಗಳು ಅಚ್ಚಾಗಲಿಲ್ಲ. ನಲವತ್ತು ವರ್ಷಗಳ ಮೇಲೆ, 1980ರ ದಶಕದಲ್ಲಿ, ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಆ ಹಳೆಯ ಚಿತ್ರಗಳನ್ನು ನೋಡಿ ಇವರು ಯಾರೆಂದು ವಿಚಾರಿಸಿದಾಗ, ಶೀತಪೆಟ್ಟಿಗೆಯ ಜಾಹೀರಾತುಗಳಲ್ಲಿ ಹೆಂಗಸರನ್ನು ನಿಲ್ಲಿಸುವಂತೆ ಯಂತ್ರದ ಪಕ್ಕದಲ್ಲಿ ಅಂದಕ್ಕೆ ನಿಲ್ಲಿಸಿದವರು ಎಂಬ ಉತ್ತರ ಬಂದಿತಂತೆ! ಆಕೆ ಬಿಡದೆ ಹುಡುಕಿ ಅವರನ್ನು ಪತ್ತೆಹಚ್ಚಿದಳು. ಸಾರ್ವಜನಿಕ ಮನ್ನಣೆ ದೊರೆತದ್ದು 1997ರಲ್ಲಿ. ಪದವಿಯ ಪತ್ರವಿಲ್ಲದವರ ಕೆಲಸವನ್ನು ಜಗತ್ತು ತಾನಾಗಿಯೇ ಗುರುತಿಸುವುದೆಂದು ನಂಬಿ ಕೂಡಬಾರದು. ಈಗಲೂ ಕೆಲಸ ಕೊಡುವವರು ಮೊದಲು ಪದವಿಯನ್ನೇ ಕೇಳುವುದುಂಟು. ಪದವಿಯಿಲ್ಲದವನು ತಾನು ಮಾಡಿದ ಕೆಲಸವನ್ನು, ನಡೆಯುವ ಸ್ಥಿತಿಯಲ್ಲಿ, ತನ್ನ ಹೆಸರಿನೊಡನೆ ಮುಂದಿಡಬೇಕಾಗುತ್ತದೆ.

ನಮ್ಮ ದೇಶದ ಮಾತೂ ಬೇರೆಯಲ್ಲ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಎಂಬ ಗಣಕ ಬಂದಾಗ ಗಣಕ ವಿಜ್ಞಾನದ ಪದವಿ ಎಂಬುದು ಭಾರತದಲ್ಲಿ ಇರಲಿಲ್ಲ. ಅಲ್ಲಿ ಕ್ರಮವಿಧಿಯನ್ನು ಕಲಿಸಿದವರಲ್ಲಿ ಪ್ರಮುಖರಾದ ವಿ. ರಾಜಾರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿದ್ಯುತ್ ಇಂಜಿನಿಯರು. ಮುಂದೆ ಅದೇ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಹಿಂದಿರುಗಿದರು. ಅವರು ಬರೆದ ಅಗ್ಗದ ಬೆಲೆಯ ಪುಸ್ತಕಗಳಿಂದ ಗಣಕವನ್ನು ಕಣ್ಣಿನಿಂದ ಕಾಣುವ ಮೊದಲೇ ಕ್ರಮವಿಧಿಯನ್ನು ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ.

ಹಾಗಾದರೆ ಪದವಿಯಿಂದ ಪ್ರಯೋಜನವೇ ಇಲ್ಲವೆ? ಹಾಗೆ ಹೇಳುವವರ ಮಾತನ್ನು ಕೇಳಬೇಡಿ. ತಾನಾಗಿ ಕಲಿತವನು ಸಾಮಾನ್ಯವಾಗಿ ಎಡವುವ ಒಂದು ಜಾಗವುಂಟು. ಅವನ ಕ್ರಮವಿಧಿ ನೂರು ಹೆಸರುಗಳನ್ನು ಅಕಾರಾದಿಯಾಗಿ ಸೊಗಸಾಗಿ ಜೋಡಿಸುತ್ತದೆ. ಒಂದು ಲಕ್ಷ ಹೆಸರು ಕೊಟ್ಟರೆ ಏದುಸಿರು ಬಿಡುತ್ತದೆ. ಪ್ರತಿಯೊಂದು ಹೆಸರನ್ನೂ ಉಳಿದ ಪ್ರತಿಯೊಂದರೊಡನೆ ಹೋಲಿಸುತ್ತ ಹೋದರೆ, ಒಂದು ಲಕ್ಷಕ್ಕೆ ಸುಮಾರು 500 ಕೋಟಿ ಹೋಲಿಕೆಗಳಾಗುತ್ತವೆ. ಬೇರೊಂದು ಉಪಾಯವಿದೆ. ಈಗಾಗಲೇ ಅಕಾರಾದಿಯಾಗಿ ಜೋಡಿಸಿದ ಚೀಟಿಗಳ ಎರಡು ಕಟ್ಟುಗಳಿವೆ ಎನ್ನಿ. ಎರಡರ ಮೇಲ್ಗಡೆಯ ಚೀಟಿಗಳನ್ನಷ್ಟೇ ನೋಡಿ, ಮುಂಚಿನದನ್ನು ತೆಗೆದು ಕೆಳಗಿಡುತ್ತ ಹೋದರೆ, ಎರಡೂ ಕಟ್ಟುಗಳು ಬೆರೆತು ಒಂದೇ ಕ್ರಮವಾದ ಕಟ್ಟಾಗುತ್ತದೆ. ಒಂದೊಂದೇ ಚೀಟಿಯ ಕಟ್ಟುಗಳಿಂದ ಆರಂಭಿಸಿ, ಎರಡು, ನಾಲ್ಕು, ಎಂಟು ಎಂದು ಬೆರೆಸುತ್ತ ಹೋದರೆ, ಹದಿನೇಳು ಸಲ ಬೆರೆಸುವಷ್ಟರಲ್ಲಿ ಒಂದು ಲಕ್ಷವೂ ಸಾಲಾಗಿ ನಿಲ್ಲುತ್ತದೆ. ಹೋಲಿಕೆಗಳು ಸುಮಾರು 17 ಲಕ್ಷಕ್ಕೆ ಮೀರುವುದಿಲ್ಲ. 500 ಕೋಟಿ ಎಲ್ಲಿ, 17 ಲಕ್ಷ ಎಲ್ಲಿ! ಯಂತ್ರ ಎಷ್ಟೇ ವೇಗವಾದುದಾಗಿರಲಿ, ಈ ಅಂತರವನ್ನು ಅದು ತುಂಬಿಕೊಡಲಾರದು. ಗಣಕ ವಿಜ್ಞಾನದ ತರಗತಿಯಲ್ಲಿ ಇಂಥ ಲೆಕ್ಕಾಚಾರವನ್ನು ಕ್ರಮವಾಗಿ ಕಲಿಸುತ್ತಾರೆ. ತರಗತಿಯಿಲ್ಲದವನು ಇದನ್ನು ಬಿಟ್ಟುಬಿಡಬಾರದು; ಪುಸ್ತಕ ಹಿಡಿದು, ಚೀಟಿಗಳನ್ನು ಇಟ್ಟುಕೊಂಡು, ತಾನೇ ಎಣಿಸಿ ನೋಡಬೇಕು.

ಬೆಟ್ಟಿ ಸ್ನೈಡರಳ ಕಥೆ ಇಲ್ಲಿ ಮತ್ತೆ ಬರುತ್ತದೆ. ಆಕೆ 1950ರ ದಶಕದ ಆದಿಯಲ್ಲಿ ಯೂನಿವಾಕ್ ಎಂಬ ಗಣಕಕ್ಕಾಗಿ ರಚಿಸಿದುದು ಹೀಗೆ ಜೋಡಿಸುವ ಮತ್ತು ಬೆರೆಸುವ ಕೆಲಸಕ್ಕೆ ಸಂಬಂಧಪಟ್ಟದ್ದೇ. ಅದರ ವಿಶೇಷವೇನೆಂದರೆ, ಕಡತದ ವಿವರಗಳನ್ನು ಕೊಟ್ಟರೆ ಅದನ್ನು ಜೋಡಿಸಲು ತಕ್ಕ ಕ್ರಮವಿಧಿಯನ್ನು ಅದು ತಾನೇ ಬರೆದುಕೊಡುತ್ತಿತ್ತು. ಕ್ರಮವಿಧಿಯನ್ನು ಬರೆಯುವ ಕ್ರಮವಿಧಿ! ಪತ್ರಿಕೋದ್ಯಮ ಓದಿದವಳಿಂದ ಈ ಕೆಲಸವಾಯಿತು.

ಈಗ ಈ ಜಾತಿಯ ಯಂತ್ರಗಳು ಬಹಳ ಮುಂದುವರಿದಿವೆ. ಬೇಕಾದುದನ್ನು ಸಾಮಾನ್ಯ ಮಾತಿನಲ್ಲಿ, ಕನ್ನಡದಲ್ಲಿಯೂ, ಕೇಳಿದರೆ ಕ್ರಮವಿಧಿಯನ್ನು ಬರೆದು ಮುಂದಿಡುವ ಸಾಧನಗಳು ಬಂದಿವೆ. ಇನ್ನು ಕಲಿಯುವುದೇಕೆ ಎಂದು ಕೇಳುವವರಿದ್ದಾರೆ. ಆ ಸಾಧನವು ನಮ್ಮ ಕಲ್ಲಿನ ಲೆಕ್ಕವನ್ನು ಬರೆದುಕೊಟ್ಟಿತೆನ್ನಿ. ಐದನೆಯ ಆಜ್ಞೆ ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಮಾರ್ಲಿನ್ ಮತ್ತು ರೂತ್ ಮಾಡಿದ ಕೆಲಸಕ್ಕೆ, ಎಂದರೆ ಉತ್ತರ ಹೇಗಿರಬೇಕೆಂದು ಮೊದಲೇ ಕೈಯಿಂದ ಲೆಕ್ಕ ಹಾಕಿಟ್ಟುಕೊಂಡು ತಾಳೆ ನೋಡುವ ಕೆಲಸಕ್ಕೆ, ಹಿಂದೆಂದಿಗಿಂತಲೂ ಈಗ ಬೆಲೆ ಬಂದಿದೆಯೆಂಬುದು ಈ ಲೇಖಕನ ನಂಬಿಕೆ. ಸ್ವತಃ ನಾಲ್ಕು ಸಾಲು ಬರೆದು ಎಡವದವನು ಬೇರೆಯವರು ಬರೆದ ನಾನೂರು ಸಾಲುಗಳಲ್ಲಿ ತಪ್ಪು ಹುಡುಕಲಾರ.

ಇಂಗ್ಲಿಷಿನ ಅಳುಕಿನ ಬಗ್ಗೆಯೂ ಒಂದು ಮಾತು. ಇಂದು ಹೊಸಬರಿಗೆ ಹೆಚ್ಚಾಗಿ ಕಲಿಸುವ ‘ಪೈಥಾನ್’ ಭಾಷೆಯಲ್ಲಿ ಬದಲಿಸಲಾಗದ ಇಂಗ್ಲಿಷ್ ಪದಗಳು ಇರುವುದು ಒಟ್ಟು 35. ಅದರಲ್ಲಿ ಮೊದಲ ತಿಂಗಳಿಗೆ ಬೇಕಾಗುವುದು ಹತ್ತೋ ಹನ್ನೆರಡೋ. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದೀಚೆಗೆ ನಾವು ಸಂಖ್ಯೆಗಳಿಗೆ ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ‘ಎತ್ತರ’, ‘ವೇಗ’, ‘ಕಾಲ’ ಎಂದೇ ಬರೆದರೂ ಯಂತ್ರ ತಕರಾರು ಮಾಡುವುದಿಲ್ಲ. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ ಎಂಬುದು ನಿಜವಾದ ತೊಡಕು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ಅದು ಓದುವ ತೊಡಕು, ಯೋಚಿಸುವ ತೊಡಕಲ್ಲ. ಜೊತೆಗೊಬ್ಬ ಗೆಳೆಯನಿದ್ದರೆ ಅರ್ಧದಷ್ಟು ಹಗುರವಾಗುತ್ತದೆ. ಆ ಆರು ಮಂದಿಯಲ್ಲಿ ಯಾರೂ ಒಬ್ಬಂಟಿಯಾಗಿ ಕಲಿಯಲಿಲ್ಲವಷ್ಟೆ.

ಮೇಲಿನ ಐದು ಆಜ್ಞೆಗಳನ್ನು ತಿದ್ದಿ, ಕಾಗದದ ಮೇಲೆ ಒಮ್ಮೆ ನಡೆಸಿ ನೋಡಿದ ವಾಚಕರಿಗೆ ಮುಂದಿನ ಲೆಕ್ಕವನ್ನು ಬಿಟ್ಟಿದೆ. ನಮ್ಮ ಕಲ್ಲಿನ ಬದಲು ರಬ್ಬರಿನ ಚೆಂಡು ಇದೆ ಎನ್ನಿ. ಅದು ನೆಲ ಮುಟ್ಟಿದಾಗ ನಿಲ್ಲದೆ, ಬಿದ್ದ ವೇಗದ ಅರ್ಧದಷ್ಟು ವೇಗದಿಂದ ಮತ್ತೆ ಮೇಲಕ್ಕೆ ಪುಟಿಯುತ್ತದೆ. ಐದನೆಯ ಆಜ್ಞೆಯ ಸ್ಥಳದಲ್ಲಿ ಈಗ ಏನು ಬರೆಯಬೇಕು? ಎಂದಿಗೆ ನಿಲ್ಲಬೇಕೆಂದು ಆಳಿಗೆ ಹೇಳುವುದು ಹೇಗೆ?